ರಿಪೇರಿಗೆ ಕೊಡುವ ಮುಂಚಿನ ಒಂದು ರಾತ್ರಿ

ಸಾಗರದ ಮನೆಯಿಂದ ಅಪ್ಪಯ್ಯನ ಫೋನು ಬಂದದ್ದು ಆಷಾಢದ ಒಂದು ಸಂಜೆ. “ಕಂಪ್ಯೂಟರ್ ಹಾಳಾತು ಕೂಸೇ, ಪರದೆ ಪೂರಾ ಕಪ್ಪು” ಎಂದರು. ಅವರ ಗಾಬರಿ ಲ್ಯಾಪ್‌ಟಾಪಿನ ಬೆಲೆಯ ಕುರಿತದ್ದಾಗಿರಲಿಲ್ಲ ಎಂಬುದು ನನಗೆ ತಿಳಿದಿತ್ತು. ಮೇಷ್ಟರ ಕೆಲಸದಿಂದ ನಿವೃತ್ತರಾದಂದಿನಿಂದ ಅವರು ಅಡಿಕೆ ತೋಟದ ಪದಗಳನ್ನು ಕೂಡಿಡುತ್ತ ಬಂದಿದ್ದಾರೆ. ಕಾದಿಗೆ, ದಬ್ಬೆ, ಸೋಗೆ, ಚೊಗರು, ಮೆಟ್ಟುಗತ್ತಿ, ಸೊಪ್ಪಿನ ಬೆಟ್ಟ: ಹೀಗೆ ಒಂದೊಂದು ಪದಕ್ಕೂ ಅರ್ಥ, ಅದನ್ನು ಯಾವ ಊರಿನಲ್ಲಿ ಯಾರ ಬಾಯಿಂದ ಕೇಳಿದ್ದು, ಯಾವ ಕೆಲಸದ ನಡುವೆ ಕೇಳಿದ್ದು ಎಂಬ ವಿವರ. ಅವರಿಗೆ ಪದ ಹೇಳಿದ, ಮರವೇರಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಲ್ಲಿ ಹಲವರು ಈಗ ಇಲ್ಲ. ಆ ಪದಗಳೆಲ್ಲ ಇದ್ದದ್ದು ಆ ಒಂದೇ ಲ್ಯಾಪ್‌ಟಾಪಿನಲ್ಲಿ.

ಪೇಟೆಯ ಅಂಗಡಿಯವರು ನೋಡಿ, ಪರದೆಯನ್ನೇ ಬದಲಿಸಬೇಕು, ಕಂಪನಿಯ ಸರ್ವೀಸ್ ಸೆಂಟರಿಗೆ ಕಳಿಸಿದರೆ ಎರಡು ಮೂರು ವಾರ ಹಿಡಿಯುತ್ತದೆ ಎಂದಿದ್ದರಂತೆ. ಮರುದಿನವೇ ಕಳಿಸಿಬಿಡುವುದೆಂದು ಅಪ್ಪಯ್ಯ ಹೊರಟಿದ್ದರು. “ಶನಿವಾರದವರೆಗೆ ಅದನ್ನು ಮನೆಯಿಂದ ಆಚೆ ಕಳಿಸಬೇಡ, ನಾನು ಬರ್ತೀನಿ” ಎಂದು ಬೇಡಿಕೊಂಡು, ಎರಡು ಟಿಬಿಯ ಒಂದು ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು ಮೈಸೂರಿನಿಂದ ರಾತ್ರಿ ರೈಲು ಹತ್ತಿದೆ.

ಇಷ್ಟು ಒತ್ತಾಯ ಮಾಡಲು ಹಳೆಯದೊಂದು ಪೆಟ್ಟು ಕಾರಣ. 2012ರಲ್ಲಿ ಮನೆಯಲ್ಲಿದ್ದ ಡೆಸ್ಕ್‌ಟಾಪ್ ನಿಧಾನವಾಗಿದೆಯೆಂದು ಅಂಗಡಿಯೊಂದಕ್ಕೆ ಕೊಟ್ಟಿದ್ದೆವು. ಅಲ್ಲಿದ್ದ ಹುಡುಗ ವಿಂಡೋಸನ್ನು ಹೊಸದಾಗಿ ಹಾಕಿ, “ಡಿ ಡ್ರೈವ್ ಮುಟ್ಟಿಲ್ಲ ಸಾರ್, ನಿಮ್ಮದೆಲ್ಲ ಹಾಗೇ ಇದೆ” ಎಂದು ವಿನಯದಿಂದಲೇ ಹಿಂದಿರುಗಿಸಿದ. ಅವನು ಹೇಳಿದ್ದು ಸುಳ್ಳಲ್ಲ. ಕರ್ನಾಟಕದ ಯಾವ ಊರಿನ ಅಂಗಡಿಯಲ್ಲೂ ಇದು ರೂಢಿಯ ಮಾತು: ಸಿ ಡ್ರೈವ್ ವಿಂಡೋಸಿನದು, ಡಿ ಡ್ರೈವ್ ಗಿರಾಕಿಯದು. ಆದರೆ ಡೆಸ್ಕ್‌ಟಾಪಿನ ಮೇಲೆ ಕಾಣುವ ಫೈಲುಗಳೂ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿರುವವೂ ನಾವಾಗಿ ಜಾಗ ಬದಲಿಸದಿದ್ದರೆ ಸಿ ಡ್ರೈವಿನೊಳಗೇ ಇರುತ್ತವೆ ಎಂಬುದನ್ನು ಅಪ್ಪಯ್ಯನಿಗೆ ಯಾರೂ ಹೇಳಿರಲಿಲ್ಲ. ಕಣ್ಣೆದುರೇ ಇರಲಿ ಎಂದು ಅವರು ಎಲ್ಲವನ್ನೂ ಪರದೆಯ ಮೇಲೇ ಇಟ್ಟುಕೊಂಡಿದ್ದರು. ನಾನೂರು ಪದಗಳು ಹೋದವು. ಮುಂದಿನ ಆರು ತಿಂಗಳು ಅವರು ನೆನಪಿನಿಂದ ಬರೆದರು; ಪದಗಳು ಬಹುಪಾಲು ಮರಳಿ ಬಂದವು, ಆದರೆ ಅವುಗಳನ್ನು ಯಾರು ಯಾವ ಮಾತಿನಲ್ಲಿ ಹೇಳಿದ್ದರು ಎಂಬುದು ಬರಲಿಲ್ಲ.

ರಿಪೇರಿಗೆ ಕೊಡುವಾಗ ನಾವು ಸಹಿ ಹಾಕುವ ಕಾಗದವನ್ನು ಓದಿದವರು ಕಡಿಮೆ. ಅದರಲ್ಲಿ, ಯಂತ್ರದೊಳಗಿನ ಮಾಹಿತಿ ಅಳಿದರೆ ತಾವು ಹೊಣೆಯಲ್ಲ, ಗ್ರಾಹಕರು ಮೊದಲೇ ಬ್ಯಾಕಪ್ ತೆಗೆದಿಟ್ಟುಕೊಳ್ಳಬೇಕು ಎಂಬ ಅರ್ಥದ ಒಂದು ಸಾಲು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಅದನ್ನು ನೋಡಿ ಸಿಟ್ಟಾಗುವವರನ್ನು ಕಂಡಿದ್ದೇನೆ. ನನಗೆ ಅದು ನ್ಯಾಯವಾದ ಮಾತೆಂದೇ ತೋರುತ್ತದೆ. ತಂತ್ರಜ್ಞನ ಮುಂದಿರುವುದು ಒಂದು ಬೋರ್ಡು, ಒಂದು ಪರದೆ, ಒಂದು ಡಿಸ್ಕು. ಅವನು ಪರೀಕ್ಷೆಗೆಂದು ಡಿಸ್ಕನ್ನು ಬದಲಿಸಬಹುದು, ವಿಂಡೋಸ್ ಏಳದಿದ್ದರೆ ಅಳಿಸಿ ಮತ್ತೆ ಹಾಕಬಹುದು. ಅದರೊಳಗೆ ಒಬ್ಬರ ಬಾಳಿನ ಕೆಲಸವಿದೆಯೋ ನಾಲ್ಕು ಸಿನಿಮಾಗಳಿವೆಯೋ ಅವನಿಗೆ ತಿಳಿಯುವ ದಾರಿಯಿಲ್ಲ. ತಿಳಿದಿರುವವರು ನಾವು. ಆದ್ದರಿಂದ ಆ ಕೆಲಸವೂ ನಮ್ಮದೇ.

ಪರದೆ ಕಪ್ಪಾದರೆ ಕಂಪ್ಯೂಟರ್ ಸತ್ತಿತೆಂದು ತಿಳಿಯಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಗುಂಡಿ ಒತ್ತಿ ಕಿವಿಗೊಟ್ಟಾಗ ಫ್ಯಾನು ತಿರುಗುವ ಸದ್ದು ಕೇಳಿತು. ಜಗಲಿಯ ಟೀವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ, ಪಾಸ್‌ವರ್ಡನ್ನು ಕುರುಡಾಗಿ ಟೈಪು ಮಾಡಿ, ವಿಂಡೋಸ್ ಕೀಲಿಯೊಡನೆ ಪಿ ಒತ್ತಿ ಆಯ್ಕೆಯನ್ನು ಕೆಳಗೆ ಸರಿಸಿದೊಡನೆ ಅಪ್ಪಯ್ಯನ ಡೆಸ್ಕ್‌ಟಾಪ್ ಟೀವಿಯ ಮೇಲೆ ಮೂಡಿತು. ಅ, ಆ, ಇ ಎಂದು ಅಕ್ಷರಕ್ಕೊಂದರಂತೆ ಸಾಲಾಗಿ ನಿಂತ ಫೈಲುಗಳನ್ನು ಅಷ್ಟು ದೊಡ್ಡದಾಗಿ ನೋಡಿ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ನಕಲು ಮಾಡುವ ಮೊದಲು ಡಿಸ್ಕಿನ ನಾಡಿ ನೋಡಬೇಕು. ಹಾರ್ಡ್ ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ; ಸ್ಮಾರ್ಟ್ ಎಂದು ಕರೆಯುವ ಆ ಲೆಕ್ಕವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ತೆರೆದು ತೋರಿಸುತ್ತದೆ. ಅಪ್ಪಯ್ಯನ ಡಿಸ್ಕಿಗೆ ಅದು ಹಳದಿ ಬಣ್ಣ ಕೊಟ್ಟಿತು. ಓದಲು ತಿಣುಕಿ ‘ಆಮೇಲೆ ನೋಡೋಣ’ ಎಂದು ಡಿಸ್ಕು ಗುರುತು ಹಾಕಿಟ್ಟ ಸೆಕ್ಟರುಗಳು, ಅಂದರೆ ಮಾಹಿತಿ ಬರೆದಿಡುವ ಸಣ್ಣ ಸಣ್ಣ ತುಣುಕುಗಳು, ಅದರಲ್ಲಿದ್ದವು. ಅಂದರೆ ನಾವು ಪರದೆಯ ಚಿಂತೆಯಲ್ಲಿದ್ದಾಗ ಒಳಗೆ ಡಿಸ್ಕೇ ಸವೆಯುತ್ತಿತ್ತು. ಇಂಥ ಸ್ಥಿತಿಯಲ್ಲಿ ಬಹಳ ಜನ ಮೊದಲು ಮಾಡುವುದು ಚೆಕ್‌ಡಿಸ್ಕ್ ಓಡಿಸುವುದು. ಅದು ತಪ್ಪು ಹೆಜ್ಜೆ. ಚೆಕ್‌ಡಿಸ್ಕ್ ಫೈಲುಗಳ ಪಟ್ಟಿಯನ್ನು ಸರಿಪಡಿಸಲು ಅದೇ ಡಿಸ್ಕಿನ ಮೇಲೆ ಬರೆಯುತ್ತದೆ, ಗಂಟೆಗಟ್ಟಲೆ ಅದನ್ನು ತಡಕುತ್ತದೆ. ದಣಿದ ಡಿಸ್ಕಿಗೆ ಅದೇ ಕೊನೆಯ ಓಟವಾಗಬಹುದು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಒಂದೇ ಸಮನೆ ಬರುತ್ತಿದ್ದರಂತೂ ಅದನ್ನು ಕೂಡಲೇ ನಿಲ್ಲಿಸಿ, ಡೇಟಾ ಮರಳಿ ಪಡೆಯುವುದನ್ನೇ ಕಸುಬಾಗಿಸಿಕೊಂಡವರ ಕೈಗೆ ಒಪ್ಪಿಸಬೇಕು. ಒಳಗೆ ತಿರುಗುವ ತಟ್ಟೆಗೂ ಅದನ್ನು ಓದುವ ಹೆಡ್ಡಿಗೂ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರು. ಅಲ್ಲಿ ಗೀರು ಬಿದ್ದ ಮೇಲೆ ಯಾವ ತಂತ್ರಾಂಶವೂ ನೆರವಿಗೆ ಬರುವುದಿಲ್ಲ.

ನಮ್ಮ ಡಿಸ್ಕಿನಲ್ಲಿ ಆ ಸದ್ದಿರಲಿಲ್ಲ. ಹಾಗಾಗಿ ನಕಲು ಶುರುಮಾಡಿದೆ, ಒಂದು ಕ್ರಮದಲ್ಲಿ. ಡಿಸ್ಕು ಯಾವ ಕ್ಷಣದಲ್ಲಾದರೂ ಕೈಕೊಡಬಹುದು ಎಂಬಾಗ ಸಿನಿಮಾಗಳಿಂದ ಮೊದಲುಮಾಡಬಾರದು. ಯಾವುದು ಜಗತ್ತಿನಲ್ಲಿ ಇನ್ನೆಲ್ಲೂ ಸಿಗುವುದಿಲ್ಲವೋ ಅದು ಮೊದಲು. ಅಪ್ಪಯ್ಯನ ಪದಗಳ ಫೋಲ್ಡರು ಪೂರ್ತಿ 60 ಎಂಬಿ ಕೂಡ ಇರಲಿಲ್ಲ, ಕಣ್ಣುಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ಬಳಿಕ ಅವರು ಮೊಬೈಲಿನಲ್ಲಿ ದಾಖಲಿಸಿದ ಧ್ವನಿಗಳು, ಆಮೇಲೆ ಮನೆಯ ಫೋಟೋಗಳು, ಕೊನೆಗೆ ಉಳಿದದ್ದು.

ಫೋಲ್ಡರುಗಳಲ್ಲಿ ಕಾಣದೆ ಇರುವ ವಸ್ತುಗಳೇ ನಿಜವಾಗಿ ತಪ್ಪಿಹೋಗುವಂಥವು. ಟೀವಿಯ ಬಲಮೂಲೆಯಲ್ಲಿ ಹಳದಿ ಚೀಟಿಗಳು ನಾಲ್ಕಾರು ಅಂಟಿಕೊಂಡಿದ್ದವು. ವಿಂಡೋಸಿನ ಸ್ಟಿಕಿ ನೋಟ್ಸ್ ಅವು. ತೋಟದಿಂದ ಬಂದವರು ಕೈಕಾಲು ತೊಳೆದು, ಮರೆತುಹೋಗುವ ಮೊದಲು ಹೊಸ ಪದವನ್ನು ಅಲ್ಲಿ ಗೀಚಿಡುತ್ತಿದ್ದರು. ಪುರುಸೊತ್ತಾದಾಗ ಫೈಲಿಗೆ ಏರಿಸುತ್ತಿದ್ದರು. “ಇವನ್ನೂ ತಗಂಡ್ಯಾ?” ಎಂದು ಅವರು ಕೇಳದಿದ್ದರೆ ನಾನು ಬಿಟ್ಟೇಬಿಡುತ್ತಿದ್ದೆ. ಆ ಚೀಟಿಗಳು ಯಾವ ಡಾಕ್ಯುಮೆಂಟಿನಲ್ಲೂ ಇಲ್ಲ. ಆಪ್‌ಡೇಟಾ ಎಂಬ ಮರೆಯಾಗಿಟ್ಟ ಫೋಲ್ಡರಿನ ಆಳದಲ್ಲಿ ಒಂದು ಡೇಟಾಬೇಸ್ ಫೈಲಿನೊಳಗಿವೆ. ಬ್ರೌಸರಿನ ಬುಕ್‌ಮಾರ್ಕುಗಳೂ ಥಂಡರ್‌ಬರ್ಡ್‌ನಲ್ಲಿ ಇಳಿಸಿಕೊಂಡ ಮೇಲ್‌ಗಳೂ ಇರುವುದು ಅದೇ ಮರೆಯಲ್ಲಿ. ಟ್ಯಾಲಿ ಬಳಸುವವರ ಲೆಕ್ಕ ಇನ್ನೆಲ್ಲೋ ಅದರದೇ ಡೇಟಾ ಫೋಲ್ಡರಿನಲ್ಲಿ ಕುಳಿತಿರುತ್ತದೆ. ಆದ್ದರಿಂದ ಯೂಸರ್ಸ್ ಫೋಲ್ಡರನ್ನು ಅಡಗಿದ ಫೈಲುಗಳ ಸಮೇತ ಪೂರ್ತಿಯಾಗಿ ಎತ್ತಿಕೊಳ್ಳುವುದು ಮೇಲು. ಅದಕ್ಕಿಂತಲೂ ಮೇಲಾದದ್ದೆಂದರೆ, ಯಂತ್ರವನ್ನು ದಿನವೂ ಬಳಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆಳಿಗ್ಗೆ ಎದ್ದು ಏನೇನು ತೆರೆಯುತ್ತೀರಿ ಎಂದು ಕೇಳುವುದು.

ಒಟ್ಟು 340 ಜಿಬಿ ಇತ್ತು. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಹೋಗುತ್ತದೆ ಎಂದುಕೊಂಡರೆ ಅದಕ್ಕೆ ಮೂರು ಗಂಟೆಗೂ ಹೆಚ್ಚು ಬೇಕು. ಒಳಗೆ ನೀಲಿ ಬಣ್ಣವಿರುವ ಯುಎಸ್‌ಬಿ 3 ಕಿಂಡಿಗೆ ಸಿಕ್ಕಿಸಿದರೆ ಅರ್ಧ ಸಮಯ ಉಳಿಯಬಹುದು. ಆದರೆ ಇದು ಆರೋಗ್ಯವಂತ ಡಿಸ್ಕಿನ ಲೆಕ್ಕ. ಓದಲಾರದ ಸೆಕ್ಟರ್ ಸಿಕ್ಕಾಗ ವಿಂಡೋಸಿನ ಸಾಮಾನ್ಯ ಕಾಪಿ ಪೇಸ್ಟ್ ಒಂದು ಪೆಟ್ಟಿಗೆ ತೋರಿಸಿ, ನಮ್ಮ ಉತ್ತರಕ್ಕಾಗಿ ನಿಂತುಬಿಡುತ್ತದೆ. ರಾತ್ರಿ ಹಚ್ಚಿ ಮಲಗಿ ಬೆಳಿಗ್ಗೆ ಎದ್ದು ನೋಡಿದರೆ ಕಾಲುಭಾಗವೂ ಮುಗಿದಿರುವುದಿಲ್ಲ. ವಿಂಡೋಸಿನಲ್ಲೇ ಇರುವ ರೋಬೋಕಾಪಿ ಎಂಬ ಆಜ್ಞೆ ಹೀಗೆ ನಿಲ್ಲುವುದಿಲ್ಲ. ಆದರೆ ಅದಕ್ಕೂ ಒಂದು ಬುದ್ಧಿ ಹೇಳಬೇಕು: ಸುಮ್ಮನೆ ಬಿಟ್ಟರೆ ಅದು ಓದಲಾಗದ ಫೈಲಿಗೆ ಹತ್ತು ಲಕ್ಷ ಸಲ ಮರುಪ್ರಯತ್ನ ಮಾಡುತ್ತದೆ, ಪ್ರತಿ ಸಲಕ್ಕೂ 30 ಸೆಕೆಂಡು ಕಾಯುತ್ತದೆ. ಮರುಪ್ರಯತ್ನ ಒಂದೇ ಸಲ, ಕಾಯುವುದು ಒಂದೇ ಸೆಕೆಂಡು ಎಂದು ಕಟ್ಟಳೆ ಹಾಕಿ, ತಪ್ಪಿದವುಗಳ ಪಟ್ಟಿಯನ್ನು ಬೇರೆ ಫೈಲಿಗೆ ಬರೆಯಲು ಹೇಳಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಎರಡು ಸಲ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇದ್ದುದರಿಂದ ನಕಲು ನಿಲ್ಲಲಿಲ್ಲ, ಟೀವಿ ಮಾತ್ರ ಕತ್ತಲಾಯಿತು. ಆ ಕತ್ತಲಲ್ಲಿ ಹೊಸ ಡಿಸ್ಕಿನ ಸಣ್ಣ ದೀಪ ಪಿಳಿಪಿಳಿ ಎನ್ನುತ್ತಿದ್ದುದನ್ನು ಅಪ್ಪಯ್ಯ ಕಣ್ಣು ಕೀಳದೆ ನೋಡುತ್ತಿದ್ದರು.

ಬೆಳಗಿನ ಜಾವ ನೋಡಿದಾಗ ಹನ್ನೊಂದು ಫೈಲುಗಳು ಬಂದಿರಲಿಲ್ಲ. ಹತ್ತು ವಿಡಿಯೋಗಳು. ಹನ್ನೊಂದನೆಯದು ಧ್ವನಿ ದಾಖಲೆ, ಒಬ್ಬ ಕೊನೆಗೌಡರು ನಲವತ್ತು ನಿಮಿಷ ಮಾತಾಡಿದ್ದು. ಹಿಂದಿನ ರಾತ್ರಿ ನಕಲಾಗುತ್ತಿದೆ ಎಂದುಕೊಂಡಿದ್ದ ಫೋಲ್ಡರಿನಲ್ಲೇ ಅದು ಜಾರಿಹೋಗಿತ್ತು. ವಿಂಡೋಸಿನ ಬದಲು ಯಂತ್ರವನ್ನು ನಡೆಸಬಲ್ಲ ಲಿನಕ್ಸ್ ಇದ್ದ ಪೆನ್‌ಡ್ರೈವಿನಿಂದ ಯಂತ್ರವನ್ನು ಏಳಿಸಿ ಗ್ನೂ ಡಿಡಿರೆಸ್ಕ್ಯೂ ಬಳಸಿದೆ. ಆ ತಂತ್ರಾಂಶ ಮೊದಲು ಸಲೀಸಾಗಿ ಓದಬಹುದಾದ ಭಾಗವನ್ನೆಲ್ಲ ಎತ್ತಿಟ್ಟುಕೊಂಡು, ಕೆಟ್ಟ ಜಾಗಗಳ ನಕ್ಷೆಯನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ಅಲ್ಲಿಗಷ್ಟೇ ಮರಳಿ ಬಂದು ಪ್ರಯತ್ನಿಸುತ್ತದೆ. ಮೂರನೆಯ ಸುತ್ತಿಗೆ ಧ್ವನಿ ಪೂರ್ತಿ ಬಂತು. ವಿಡಿಯೋಗಳಲ್ಲಿ ಎರಡು ಕೊನೆಗೂ ಅರೆಬರೆಯಾಗಿಯೇ ಉಳಿದವು.

ಇಲ್ಲಿಗೆ ಕೆಲಸ ಮುಗಿಯಿತೆಂದು ನನಗೂ ಅನ್ನಿಸಿತ್ತು. ಹೊಸ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸುಮ್ಮನೆ ನೋಡೋಣವೆಂದು ‘ಕ’ ಅಕ್ಷರದ ಫೈಲನ್ನು ತೆರೆದೆ. ಒಂದೇ ಒಂದು ಪದವೂ ಓದಲು ಬರಲಿಲ್ಲ. ‘ಕನ್ನಡ’ ಎಂಬ ಮೂರಕ್ಷರವಿರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡು ಹಣದ ಗುರುತು, ಮತ್ತೆ ಅದೇ ಓರೆಗೆರೆಯ ಎ, ಜರ್ಮನಿಯವರು ಬಳಸುವ ಗುಂಡುಹೊಟ್ಟೆಯ ಒಂದು ಅಕ್ಷರ, ಸಣ್ಣ ಕ್ಯೂ, ಇನ್ನೊಮ್ಮೆ ಎ. ಪುಟದ ತುಂಬ ಹೀಗೆಯೇ.

ಫೈಲು ಕೆಟ್ಟಿರಲಿಲ್ಲ. ಅಪ್ಪಯ್ಯ ಬರೆಯುವುದು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಒಂದೊಂದು ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿಗಳಂಥ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಚೂರುಗಳನ್ನು ಕೂರಿಸಿದ್ದವು: ಒಂದು ಸಂಖ್ಯೆಗೆ ಕಕಾರದ ಮೈ, ಇನ್ನೊಂದಕ್ಕೆ ತಲೆಕಟ್ಟು, ಮತ್ತೊಂದಕ್ಕೆ ನಕಾರದ ಒತ್ತು. ಫೈಲಿನಲ್ಲಿ ಇರುವುದು ಆ ಸಂಖ್ಯೆಗಳು ಮಾತ್ರ. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟು. ಅದು ಇರುವುದು ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ, ನಾನು ನಕಲು ಮಾಡಿದ ಯಾವ ಜಾಗದಲ್ಲೂ ಅಲ್ಲ. ಹಳೆಯ ಲ್ಯಾಪ್‌ಟಾಪಿಗೆ ಮರಳಿ ಹೋಗಿ ನುಡಿಯ ಫಾಂಟುಗಳನ್ನೆಲ್ಲ ಎತ್ತಿಕೊಂಡು ನನ್ನ ಯಂತ್ರಕ್ಕೆ ಹಾಕಿದ ಕೂಡಲೇ ಪೌಂಡು ಮಾಯವಾಗಿ ಕನ್ನಡ ಮರಳಿತು.

ಈ ಸಂಗತಿಯನ್ನು ನಾನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. 2000ದ ಆಸುಪಾಸಿನಿಂದ ಕನ್ನಡದಲ್ಲಿ ಟೈಪು ಮಾಡಿಟ್ಟ ಲಕ್ಷಾಂತರ ಪುಟಗಳು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಮುದ್ರಣಾಲಯಗಳಲ್ಲಿ, ಸಂಘದ ಕಚೇರಿಗಳಲ್ಲಿ ಇದೇ ಸ್ಥಿತಿಯಲ್ಲಿವೆ. ಅವುಗಳನ್ನು ನಕಲು ಮಾಡಿಟ್ಟವರು ತಮ್ಮಲ್ಲಿ ಪ್ರತಿ ಇದೆ ಎಂದು ನಂಬಿ ನೆಮ್ಮದಿಯಿಂದಿದ್ದಾರೆ. ಗಾತ್ರ ಸರಿಯಿದೆ, ಫೈಲುಗಳ ಎಣಿಕೆ ಸರಿಯಿದೆ, ಫೈಲಿನ ಬೆರಳಚ್ಚಿನಂಥ ಹ್ಯಾಶ್ ತೆಗೆದು ತಾಳೆ ನೋಡಿದರೂ ಅಕ್ಷರಕ್ಕಕ್ಷರ ಹೊಂದುತ್ತದೆ. ಆದರೂ ಇನ್ನೊಂದು ಯಂತ್ರದಲ್ಲಿ ತೆರೆದು ಓದುವವರೆಗೆ ಅದು ಪ್ರತಿಯಾಗುವುದಿಲ್ಲ. ಅದೇ ಯಂತ್ರದಲ್ಲಿ ತೆರೆದು ನೋಡಿದರೆ ಸಾಲದು. ಅಲ್ಲಿ ಫಾಂಟು ಇದ್ದೇ ಇರುತ್ತದೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆ ಯಂತ್ರ ನಾಳೆ ಇರುವುದಿಲ್ಲ ಎಂದುಕೊಂಡು ನೋಡಬೇಕು.

ಭಾನುವಾರ ಪೂರ್ತಿ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸುವುದರಲ್ಲಿ ಕಳೆಯಿತು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಕಣ್ಣುಮುಚ್ಚಿ ನಂಬಬಾರದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಆ ಸ್ಥಾನಪಲ್ಲಟದಲ್ಲಿ ಅಲ್ಲಲ್ಲಿ ಎಡವಟ್ಟಾಗುತ್ತದೆ. ಅಪ್ಪಯ್ಯ ಗಿಡಮರಗಳ ಶಾಸ್ತ್ರೀಯ ಹೆಸರುಗಳನ್ನು ನಡುನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಪರಿವರ್ತಕ ಅವನ್ನೂ ಕನ್ನಡದ ಚೂರುಗಳೆಂದೇ ಭಾವಿಸಿ ಕಲಸಿಹಾಕಿತ್ತು. ಆದ್ದರಿಂದ ಮೂಲ ಫೈಲು, ಅದರ ಫಾಂಟು, ಪರಿವರ್ತಿಸಿದ ಫೈಲು, ಈ ಮೂರನ್ನೂ ಜೊತೆಗಿಟ್ಟಿದ್ದೇನೆ. ಅಂದು ಎಲ್ಲವನ್ನೂ ಪಿಡಿಎಫ್ ಕೂಡ ಮಾಡಿದೆ. ಫಾಂಟನ್ನು ತನ್ನೊಳಗೇ ಹುದುಗಿಸಿಕೊಂಡ ಪಿಡಿಎಫ್ ಎಲ್ಲಿ ತೆರೆದರೂ ಓದಲಿಕ್ಕಾದರೂ ಬರುತ್ತದೆ.

ಪ್ರತಿ ಒಂದೇ ಇದ್ದರೆ ಸಾಲದು ಎಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಒಂದು ಕಡೆ ಕೂಡಿಡಲಿಲ್ಲ, ಹಂಚಿದಳು. ಗೆದ್ದಲು, ಬೆಂಕಿ, ನೀರು ಒಂದು ಮನೆಗೆ ಬಂದರೆ ಇನ್ನೊಂದು ಮನೆಯ ಪ್ರತಿ ಉಳಿಯುತ್ತದೆ. ಇಂದಿನ ತಂತ್ರಜ್ಞರು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂದು ಹೇಳುವುದರ ತಿರುಳೂ ಅದೇ. ಅಪ್ಪಯ್ಯನ ಪದಗಳ ಒಂದು ಪ್ರತಿ ಈಗ ಸಾಗರದ ಕಪಾಟಿನಲ್ಲಿ, ಇನ್ನೊಂದು ಮೈಸೂರಿನಲ್ಲಿ, ಮತ್ತೊಂದು ಕ್ಲೌಡಿನಲ್ಲಿ ಇದೆ. ಕ್ಲೌಡಿನ ಸಿಂಕ್ ಒಂದನ್ನೇ ನಂಬಿ ಕೂರಬಾರದು, ಏಕೆಂದರೆ ಈ ಕಡೆ ಅಳಿಸಿದ್ದು ಆ ಕಡೆಯೂ ಅಳಿಯುತ್ತದೆ.

ಸೋಮವಾರ ಸರ್ವೀಸ್ ಸೆಂಟರಿಗೆ ಹೋದಾಗ, ಕೆಟ್ಟಿರುವುದು ಪರದೆಯಾದ್ದರಿಂದ ಡಿಸ್ಕನ್ನು ಬಿಚ್ಚಿಟ್ಟುಕೊಂಡು ಕೊಡಬಹುದೇ ಎಂದು ಕೇಳಿದೆ. ಅವರು ಒಪ್ಪಿ ಕಾಗದದಲ್ಲಿ ನಮೂದಿಸಿಕೊಂಡರು. ಎಲ್ಲ ಕಡೆ ಒಪ್ಪುವುದಿಲ್ಲ, ಹೊಸ ಯಂತ್ರಗಳಲ್ಲಿ ಕೆಲವಕ್ಕೆ ಡಿಸ್ಕು ಬೋರ್ಡಿಗೇ ಬೆಸೆದಿರುತ್ತದೆ. ಆದರೂ ಕೇಳುವುದರಲ್ಲಿ ನಷ್ಟವಿಲ್ಲ. ಕೌಂಟರಿನ ಹಿಂದೆ ಪೇರಿಸಿಟ್ಟಿದ್ದ ಲ್ಯಾಪ್‌ಟಾಪುಗಳ ಬೆನ್ನ ಮೇಲೆ ಅಂಟಿಸಿದ ಚೀಟಿಗಳಲ್ಲಿ ಗಿರಾಕಿಗಳ ಹೆಸರು, ಫೋನ್ ನಂಬರು, ಪಾಸ್‌ವರ್ಡು ಮೂರೂ ಬರೆದಿದ್ದವು. ಅಲ್ಲಿನವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿ ಊರಿಗೆ ಹೋಗುವ ರೂಢಿ ನಮಗಿಲ್ಲವಲ್ಲ. ಡಿಸ್ಕು ಒಳಗೇ ಇರಬೇಕಾದರೆ, ರಿಪೇರಿಯವರಿಗೆಂದೇ ಬೇರೊಂದು ಸಾಧಾರಣ ಖಾತೆ ತೆರೆದು ಅದರ ಪಾಸ್‌ವರ್ಡ್ ಕೊಡಬಹುದು.

ಹೊಸ ಲ್ಯಾಪ್‌ಟಾಪ್ ಇರುವವರು ಇನ್ನೊಂದನ್ನು ಮರೆಯಬಾರದು. ನನ್ನ ಗೆಳತಿಯೊಬ್ಬಳ ಯಂತ್ರ ಮದರ್‌ಬೋರ್ಡ್ ಬದಲಾಗಿ ಬಂದು ಮೊದಲ ಸಲ ಏಳುವಾಗಲೇ 48 ಅಂಕಿಗಳ ಒಂದು ಕೀಲಿ ಕೇಳಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಹಲವು ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಬಿಟ್‌ಲಾಕರ್ ಬೀಗದೊಳಗೆ ಹೋಗುತ್ತದೆ. ಬೀಗ ತೆರೆಯುವ ಗುಟ್ಟು ಬೋರ್ಡಿನಲ್ಲಿರುವ ಟಿಪಿಎಂ ಎಂಬ ಚಿಪ್ಪಿನ ಬಳಿ ಇರುತ್ತದೆ. ಬೋರ್ಡು ಹೋದರೆ ಗುಟ್ಟೂ ಹೋಯಿತು. ತನ್ನ ಡಿಸ್ಕಿಗೆ ಬೀಗವಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಕೀಲಿ ಅವಳ ಖಾತೆಯಲ್ಲಿ ಉಳಿದಿತ್ತು, ಆ ಖಾತೆಯ ಪಾಸ್‌ವರ್ಡು ನೆನಪಿತ್ತು, ಹಾಗಾಗಿ ಬಚಾವಾದಳು. ರಿಪೇರಿಗೆ ಕೊಡುವ ಮುನ್ನ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲು ಐದು ನಿಮಿಷ ಸಾಕು.

ಹದಿನೇಳು ದಿನಗಳ ಬಳಿಕ ಅಪ್ಪಯ್ಯನ ಲ್ಯಾಪ್‌ಟಾಪ್ ಹೊಸ ಪರದೆಯೊಂದಿಗೆ ಬಂತು. ಸವೆದ ಡಿಸ್ಕನ್ನು ಮತ್ತೆ ಹಾಕದೆ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹೊಸದಾಗಿ ಕೂರಿಸಿ, ಪ್ರತಿಯಿಂದ ಎಲ್ಲವನ್ನೂ ಅದರದರ ಜಾಗಕ್ಕೆ ಮರಳಿಸಿದೆ. ಹಳದಿ ಚೀಟಿಗಳೂ ಬಂದವು. ಅಪ್ಪಯ್ಯ ‘ಕ’ ಫೈಲನ್ನು ತೆರೆದು ಬೆರಳಿಟ್ಟು ಓದುತ್ತಾ ಹೋಗಿ, ಎರಡು ಕಡೆ ಅರ್ಕಾವತ್ತು ಜಾಗ ತಪ್ಪಿದ್ದನ್ನು ಹಿಡಿದು ತಿದ್ದಿದರು.

ನಾನು ಮೈಸೂರಿಗೆ ಮರಳಿದ ಮುಂದಿನ ವಾರ ಅವರ ಫೋನು ಬಂತು. ಬೆಳಿಗ್ಗೆ ತೋಟದಲ್ಲಿ ಹೊಸ ಪದವೊಂದು ಸಿಕ್ಕಿತಂತೆ. ಬರೆದು, ಕಪಾಟಿನಿಂದ ಡಿಸ್ಕು ತೆಗೆದು, ತಾವೇ ನಕಲು ಮಾಡಿ, ಡಿಸ್ಕನ್ನು ಪಕ್ಕದ ಮನೆಯ ಹುಡುಗನ ಕಂಪ್ಯೂಟರಿಗೆ ಸಿಕ್ಕಿಸಿ ಕೂತಿದ್ದರು. “ತಡಿ ಕೂಸೇ, ಇಲ್ಲಿ ತೆಗೆದು ಓದಿ ಹೇಳ್ತೆ” ಎಂದು, ಆ ಪದವನ್ನೂ ಅದರ ಅರ್ಥವನ್ನೂ ಅದನ್ನು ಹೇಳಿದವರ ಹೆಸರನ್ನೂ ನಿಧಾನವಾಗಿ ಓದಿದರು.